ಕೆಲ್ತೂಮಳ ಒಂದೇ ಪ್ರಶ್ನೆ

ಅಲ್ಜೀರಿಯಾದ ಆ ಬೆಟ್ಟದೂರಿನಲ್ಲಿ ಕಾಳಗ ನಿಂತ ಮೇಲೆ, ಶರಣಾದ ಬಂಡುಕೋರರೆಲ್ಲ ಪುರಸಭೆಯ ಅಂಗಳದಲ್ಲಿ ಕುರಾನಿನ ಮೇಲೆ ಕೈಯಿಟ್ಟು, ಇನ್ನು ಮುಂದೆ ಸರ್ಕಾರಕ್ಕೆ ನಿಷ್ಠರಾಗಿರುತ್ತೇವೆಂದು ಪ್ರಮಾಣ ಮಾಡಿದರು. ಹಿಂದೆ ಮಾಡಿದ್ದೆಲ್ಲ ಮಾಫಿ ಆಯಿತು. ಅವರಲ್ಲಿ ಬೂಜಿದನೂ ಇದ್ದ. ಕೆಲ್ತೂಮಳ ತಮ್ಮ ಲಖ್ದರನನ್ನು ಹಾಡಹಗಲೇ ಬಸ್ಸಿನಿಂದ ಇಳಿಸಿ ಎಳೆದೊಯ್ದವನು ಅವನೇ. ಲಖ್ದರ್ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದ. ಬಂಡುಕೋರರಿಗೆ ಅದು ಕಾಫಿರರ ಭಾಷೆ; ಅವನ ಅಪರಾಧ ಅಷ್ಟೇ. ಹೆಣವೂ ಸಿಗಲಿಲ್ಲ.

ವರ್ಷ ತುಂಬುವುದರೊಳಗೆ ಬೂಜಿದ್ ಪೇಟೆಯಲ್ಲಿ ಕಾಫಿ ಅಂಗಡಿ ತೆರೆದ. ಊರಿನವರು ಅಲ್ಲಿ ಕೂತು ಡೊಮಿನೊ ಆಡತೊಡಗಿದರು. ಹೆಂಗಸರು ಕಾಲಿಡದ ಆ ಅಂಗಡಿಗೆ ಒಂದು ಬೆಳಿಗ್ಗೆ ಕೆಲ್ತೂಮ್ ನುಗ್ಗಿ, ನಟ್ಟನಡುವೆ ಕುರ್ಚಿ ಎಳೆದುಕೊಂಡು ಕೂತಳು.

“ನನ್ನ ತಮ್ಮನನ್ನ ಎಲ್ಲಿ ಹೂತೆ?”

ಬೂಜಿದ್ ಲೋಟ ಒರೆಸುತ್ತ, “ಅದೆಲ್ಲ ಮುಗಿದ ಕತೆ, ಖಾಲಾ. ಕಾಫಿ ಕುಡೀತೀರಾ?” ಎಂದ.

ಮರುದಿನವೂ ಹೋದಳು, ಅದರ ಮರುದಿನವೂ. ಕೇಳಿದ್ದು ಅದೊಂದೇ ಮಾತು. ಗಿರಾಕಿಗಳು ಮುಜುಗರಪಟ್ಟು ಬೇರೆ ಅಂಗಡಿ ಹಿಡಿದರು.

ಆಮೇಲೆ ಠಾಣೆಯಿಂದ ಕರೆ ಬಂತು. ಕ್ಷಮೆ ಪಡೆದವನನ್ನು ಕೆಣಕುವುದೇ ಅಪರಾಧ ಎಂದ ಅಧಿಕಾರಿ. ಊರಿನ ಶಾಂತಿ ಕದಡುವುದಿಲ್ಲವೆಂದು ಅವಳೂ ಪ್ರಮಾಣ ಮಾಡಬೇಕಂತೆ. ಕುರಾನನ್ನು ಅವಳ ಮುಂದಿಟ್ಟ.

“ಅವನು ಕೊಂದ, ಪ್ರಮಾಣ ಮಾಡಿದ, ಬಿಟ್ರಿ. ನಾನು ಯಾರನ್ನ ಕೊಂದಿದೀನಿ ಅಂತ ಪ್ರಮಾಣ ಮಾಡ್ಲಿ?” ಎಂದಳು ಕೆಲ್ತೂಮ್. “ನಿಮ್ಮ ಕ್ಷಮೆ ನೀವು ಕೊಟ್ಕೊಳ್ಳಿ. ನನ್ನದನ್ನೂ ಕೊಡೋಕೆ ನೀವ್ಯಾರಪ್ಪಾ?”

ಎರಡು ದಿನ ಒಳಗೆ ಕೂಡಿಹಾಕಿದರು. ಬಿಟ್ಟ ಕೂಡಲೇ ಮನೆಗೂ ಹೋಗದೆ ನೇರ ಅಂಗಡಿಗೆ ನಡೆದಳು. ಅಲ್ಲೊಂದು ನರಪಿಳ್ಳೆಯೂ ಇರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಬೂಜಿದ್, ಮುಖ ಕೊಡದೆ, “ಹಳೇ ಕಲ್ಲುಗಣಿ ಹಿಂದೆ, ಅಂಜೂರದ ಬುಡದಲ್ಲಿ. ಇನ್ನು ಬರಬೇಡಿ,” ಎಂದ.

ಅಗೆದಾಗ ಮೂಳೆಗಳು ಸಿಕ್ಕವು. ತಾನೇ ಹೆಣೆದಿದ್ದ ಸ್ವೆಟರಿನ ಚೂರು ನೋಡಿ ಕೆಲ್ತೂಮ್ ಗುರುತು ಹಿಡಿದಳು.

ಮಣ್ಣು ಮಾಡುವಲ್ಲಿಗೆ ಹೆಂಗಸರು ಹೋಗುವ ವಾಡಿಕೆಯಿಲ್ಲ. ಅವಳು ಹೋದಳು. ಬೂಜಿದನೂ ಬಂದಿದ್ದ. ಪುರಸಭೆಯ ಅಧ್ಯಕ್ಷರು ಅವನ ಭುಜ ತಟ್ಟಿ, ಜಾಗ ತೋರಿಸಿದ ಅವನ ದೊಡ್ಡ ಮನಸ್ಸನ್ನು ಹೊಗಳಿದರು. ಅಕ್ಕನೂ ಎರಡು ಒಳ್ಳೆಯ ಮಾತಾಡಲಿ ಎಂದರು.

ಕೆಲ್ತೂಮ್ ಅಧ್ಯಕ್ಷರ ಕಡೆ ತಿರುಗಿದಳು.

“ನೀವು ಕ್ಷಮಿಸಿದೀರಲ್ಲ, ನಿಮ್ಮನೆಗೆ ಊಟಕ್ಕೆ ಕರ್ಕೊಂಡು ಹೋಗಿ. ನನ್ನ ತಮ್ಮನ ಗೋರಿ ಹತ್ರ ಇವನು ನಿಲ್ಲೋ ಹಾಗಿಲ್ಲ.”

ಬೂಜಿದ್ ತಲೆ ತಗ್ಗಿಸಿ ಹೊರಟ. ಅವನು ಗೇಟು ದಾಟುವವರೆಗೂ ಅವಳು ಒಂದು ಹಿಡಿ ಮಣ್ಣನ್ನೂ ಹಾಕಗೊಡಲಿಲ್ಲ.