ದರ್ಜಿ ಮನೆಗೆ ಬಳಿದ ಮಸಿ

ಟೀಚರಮ್ಮ ತಾನು ಹುಟ್ಟಿ ಬೆಳೆದ ಮನೆಯ ಹೊಸ್ತಿಲು ದಾಟಿದವಳೇ ನಿಂತುಬಿಟ್ಟಳು. ಕಿಟಕಿಗೆ ಪರದೆಯ ಬದಲು ಹರಕು ಗೋಣಿ ನೇತಾಡುತ್ತಿತ್ತು. ಗೋಡೆಗಳಿಗೆಲ್ಲ ಯಾರೋ ಮಸಿ ಬಳಿದಿದ್ದರು. ಅದೂ ಕುಂಚ ಹಿಡಿದು, ಬಲು ಶ್ರದ್ಧೆಯಿಂದ. ಮೂಲೆಯ ಹಗ್ಗದ ಮೇಲೆ ತೂತುಬಿದ್ದ ಬಟ್ಟೆಗಳು.

ಅವಳ ಅಪ್ಪ ದರ್ಜಿ. ಹೊಟ್ಟೆಪಾಡಿಗೆಂದು ಹಡಗು ಹತ್ತಿ, ಹೆಂಡತಿಯನ್ನು ಕಟ್ಟಿಕೊಂಡು ಈ ಊರಿಗೆ ಬಂದವನು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಸಂಸಾರ. ಅವನ ಹಾಗೆ ವಲಸೆ ಬಂದವರ ಮನೆಗಳೆಲ್ಲ ಒಂದೊಂದಾಗಿ ನೆಲಸಮವಾಗಿ ಈಗ ಇದೊಂದೇ ಉಳಿದಿತ್ತು. ಇದನ್ನಾದರೂ ವಸ್ತುಸಂಗ್ರಹಾಲಯವಾಗಿ ಕಾಪಾಡೋಣವೆಂದು ಊರಿನ ಸಮಿತಿಯೊಂದು ಮುಂದೆ ಬಂದಾಗ ಟೀಚರಮ್ಮನೂ ಅವಳ ತಮ್ಮನೂ ಎರಡು ಮಾತಾಡದೆ ಮನೆ ಬಿಟ್ಟುಕೊಟ್ಟಿದ್ದರು. ಇವತ್ತು ಅದರ ಉದ್ಘಾಟನೆ. ರಿಬ್ಬನ್ ಕತ್ತರಿಸುವವನು ತಮ್ಮನೇ. ಅತಿಥಿಗಳು ಹೊರಗೆ ಕುರ್ಚಿ ಹಿಡಿದು ಕೂತಾಗಿತ್ತು.

ಇದೇನು ಅವತಾರ ಎಂದು ಅವಳು ಸಮಿತಿಯ ಕಾರ್ಯದರ್ಶಿಯನ್ನು ಕೇಳಿದಳು. ಅವನು ಒಂದಿಷ್ಟೂ ಮುಜುಗರವಿಲ್ಲದೆ ವಿವರಿಸಿದ. ಜನ ಬರುವುದು ಆಗಿನವರ ಕಷ್ಟ ನೋಡುವುದಕ್ಕೆ. ಸುಣ್ಣ ಹೊಡೆದ ಗೋಡೆ ನೋಡಿದರೆ ಯಾರ ಕರುಳು ಚುರುಕ್ಕೆನ್ನುತ್ತದೆ?

“ಕಷ್ಟ ಇತ್ತು. ಕೊಳಕಿರಲಿಲ್ಲ,” ಎಂದಳು ಟೀಚರಮ್ಮ.

ಹಿಂದೆಯೇ ಒಳಬಂದಿದ್ದ ತಮ್ಮ ಅವಳ ಮೊಣಕೈ ಹಿಡಿದು, “ಬಿಡಕ್ಕ, ಅವರೇನೋ ಒಳ್ಳೇ ಮನಸ್ಸಿಂದ ಮಾಡಿದಾರೆ” ಎಂದ. ಅವನು ಚಿಕ್ಕಂದಿನಿಂದಲೂ ಹಾಗೆಯೇ. ಯಾರ ಬಾಯಿಗೂ ಬೀಳಲಾರ.

ಆದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಅವಳ ಚಿಕ್ಕಂದಿನಲ್ಲಿ, ವಲಸೆ ಬಂದವರು ಗಲೀಜು ಜನ, ರೋಗ ತರುತ್ತಾರೆ, ಇವರನ್ನು ಎಬ್ಬಿಸಿ ಎಂದು ಇದೇ ಬೀದಿಯವರು ನಗರಸಭೆಗೆ ದೂರಿನ ಮೇಲೆ ದೂರು ಕೊಟ್ಟಿದ್ದರು. ಅವರ ಬಾಯಿ ಮುಚ್ಚಿಸಲೆಂದೇ ಅಮ್ಮ ಬಿಡುವು ಸಿಕ್ಕಾಗಲೆಲ್ಲ ಗೋಡೆಗೆ ಸುಣ್ಣ ಹೊಡೆಯುತ್ತಿದ್ದಳು. ಸುಣ್ಣಕ್ಕೆ ಅವಳ ಅಂಗೈ ಸುಲಿದು, ಅನ್ನ ಕಲಸಲೂ ಆಗುತ್ತಿರಲಿಲ್ಲ. ಗುಂಡಿ ಕಿತ್ತ ಅಂಗಿಯಲ್ಲಿ ಮಕ್ಕಳು ಬಾಗಿಲಾಚೆ ಕಾಲಿಡಲು ಅಪ್ಪ ಬಿಡುತ್ತಿರಲಿಲ್ಲ.

“ಅವತ್ತು ನಮ್ಮನ್ನ ಓಡಿಸೋಕೆ ಜನ ಏನು ಹೇಳ್ತಿದ್ರೋ, ಅದನ್ನೇ ನೀವು ಗೋಡೆಗೆ ಬಳಿದಿದೀರಿ,” ಎಂದಳು. “ದರ್ಜಿ ಮನೇಲಿ ಹರಕು ನೇತುಹಾಕಿದೀರಲ್ರೀ. ನಮ್ಮಪ್ಪನಿಗೆ ಸೂಜಿ ಹಿಡಿಯೋಕೂ ಬರ್ತಿರಲಿಲ್ಲ ಅಂತ ಸಾರಬೇಕಾ?”

ಹೇಳಿದವಳೇ ಗೋಣಿಯನ್ನು ಸರಕ್ಕನೆ ಕಿತ್ತು ಅವನ ಕಾಲ ಬಳಿ ಹಾಕಿದಳು. ಕಾರ್ಯದರ್ಶಿ ಕಕ್ಕಾಬಿಕ್ಕಿಯಾಗಿ ತಮ್ಮನ ಕಡೆ ನೋಡಿದ. ತಮ್ಮನೋ ಹಗ್ಗದ ಮುಂದೆ ನಿಂತಿದ್ದ. ಅಲ್ಲೊಂದು ಚಿಂದಿ ಬಟ್ಟೆಗೆ ಅಂದವಾದ ಚೀಟಿ ಸಿಕ್ಕಿಸಿದ್ದರು: ‘ತಾಯಿಯ ಉಡುಪು’. ಅವನು ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದ. ಮುಖ ಕೆಂಪಾಯಿತು. ಹೊರಗೆ ಹೋಗಿ, ತಟ್ಟೆಯಲ್ಲಿದ್ದ ಕತ್ತರಿಯನ್ನು ಜೇಬಿಗಿಳಿಸಿದ.

“ಇದು ನಮ್ಮಮ್ಮನ ಮನೆ ಅಲ್ಲ,” ಎಂದು ಅತಿಥಿಗಳಿಗೆ ಹೇಳಿದ. “ಬೇರೆ ಯಾರದ್ದೋ. ಅವರನ್ನೇ ಕರೆಸಿ.”

ಉದ್ಘಾಟನೆ ನಿಂತಿತು. ಅತಿಥಿಗಳು ಚಹಾ ಕುಡಿದು ಎದ್ದು ಹೋದರು. ಉಪಕಾರ ಗೊತ್ತಿಲ್ಲದ ಅಕ್ಕತಮ್ಮ ಎಂದು ಪತ್ರಿಕೆಯೊಂದು ಬರೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಸಮಿತಿಯವರು ಗೊಣಗುತ್ತಲೇ ಗೋಡೆಗೆ ಸುಣ್ಣ ಹೊಡೆಸಿದರು, ಕಿಟಕಿಗೆ ಪರದೆ ಹಾಕಿಸಿದರು. ಆದರೆ ಬಾಗಿಲ ಬಳಿಯ ಕಲ್ಲಿನಲ್ಲಿ ‘ಕೊಳಕಿನಲ್ಲೂ ಕನಸು ಕಂಡವರು’ ಎಂದು ಕೆತ್ತಿಯಾಗಿದೆ, ಅದನ್ನು ಅಳಿಸಲಾಗದು ಎನ್ನುತ್ತಾನೆ ಕಾರ್ಯದರ್ಶಿ. ಹಾಗಾದರೆ ಅದನ್ನು ನಿಮ್ಮ ಮನೆ ಮುಂದೆ ನೆಟ್ಟುಕೊಳ್ಳಿ ಎಂದಿದ್ದಾಳೆ ಟೀಚರಮ್ಮ.

ಆ ಕಲ್ಲು ತೆಗೆಸಲೆಂದು ಈಗಲೂ ವಾರವಾರ ಇಬ್ಬರೂ ಸಮಿತಿಯ ಕಚೇರಿಗೆ ಹೋಗುತ್ತಾರೆ. ಇವರನ್ನು ಕಂಡ ಕೂಡಲೇ ಕಾರ್ಯದರ್ಶಿ ಊಟಕ್ಕೆ ಎದ್ದುಬಿಡುತ್ತಾನೆ. ಇವರು ಬೆಂಚಿನ ಮೇಲೆ ಕಾದು ಕೂರುತ್ತಾರೆ.