ಗುಂಡಿ ಡಬ್ಬಿಯ ಮಾತ್ರೆಗಳು

ಇಸ್ತ್ರಿಪೆಟ್ಟಿಗೆ ಹದವಾಗಿ ಕಾದಿತ್ತು. ಮಗಳ ಶಾಲೆಯ ಅಂಗಿಯ ಕಾಲರು ಮುಗಿಸಿ ತೋಳಿಗೆ ಬರುವಷ್ಟರಲ್ಲಿ, ಎದೆಯ ಹತ್ತಿರ ಗುಂಡಿಯೊಂದು ಕಿತ್ತುಹೋಗಿರುವುದು ತಾಯಿಯ ಕಣ್ಣಿಗೆ ಬಿತ್ತು.

"ದರ್ಜಿ ಮಗಳ ಅಂಗಿಗೇ ಗುಂಡಿ ಇಲ್ಲ. ನೋಡಿದೋರು ನಗ್ತಾರೆ. ಪುಟ್ಟಿ, ಅಪ್ಪನ ಡಬ್ಬಿ ತಗೊಂಡ್ ಬಾ."

ಮುಂದಿನ ಕೋಣೆಯೇ ಗಂಡನ ಹೊಲಿಗೆ ಅಂಗಡಿ. ಶಾಲೆಗೆ ಹೊರಡುವ ಮುಂಚೆ ಅಯಸ್ಕಾಂತ ಆಡಿಸಿ, ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನು ಆರಿಸುವುದು ಪುಟ್ಟಿಯ ಕೆಲಸ. ಅದನ್ನು ಅರ್ಧಕ್ಕೆ ಬಿಟ್ಟು ಡಬ್ಬಿ ತಂದವಳು ಅಲ್ಲೇ ನಿಂತಳು.

"ಅಮ್ಮಾ, ಅಪ್ಪನ ಕಾಲು..."

"ಹೊತ್ತಾಯ್ತು ಕಣೇ, ಆಮೇಲೆ ಹೇಳುವಂತೆ."

ತಾಯಿ ಡಬ್ಬಿಯನ್ನು ಅಂಗೈಗೆ ಬಗ್ಗಿಸಿದಳು. ಬಿಳಿ ಗುಂಡಿಗಳ ನಡುವೆ ಕೆಲವಕ್ಕೆ ತೂತೇ ಇರಲಿಲ್ಲ. ಒಂದನ್ನು ಉಗುರಿನಿಂದ ಕೆರೆದರೆ ಪುಡಿ ಉದುರಿತು. ಸಕ್ಕರೆ ಕಾಯಿಲೆಯ ಮಾತ್ರೆ. ದಿನಾ ನೀರಿನ ಲೋಟದ ಜೊತೆ ತಾನೇ ಗಂಡನ ಕೈಗಿಡುತ್ತಿದ್ದ ಮಾತ್ರೆ.

ಕೋಪ ನೆತ್ತಿಗೇರಿತು. ಒಲೆಯ ಮೇಲೆ ಬೇರಿನ ಪುಡಿಯ ಕಷಾಯ ಕುದಿಯುತ್ತಿತ್ತು. "ಮಾತ್ರೆ ಜೊತೆಗೆ ಇದೂ ಇರ್ಲಿ ಅತ್ತಿಗೆ, ಬೇರು ತಾನೆ, ಏನ್ ಮಾಡುತ್ತೆ" ಎಂದು ನಾದಿನಿ ತಂದಿಟ್ಟಿದ್ದಳು. ಜೊತೆಗೆ ಎಂದು ನಂಬಿಕೊಂಡೇ ಇವಳು ದಿನವೂ ಕುದಿಸಿ, ಸೋಸಿ, ಆರಿಸಿ ಕೊಟ್ಟಿದ್ದಳು. ಒಲೆ ಆರಿಸಿ, ಪಾತ್ರೆಯನ್ನು ಹಾಗೇ ಬಚ್ಚಲಿಗೆ ಬೋರಲು ಹಾಕಿದಳು.

ಗಂಡ ಬರಿಗಾಲಲ್ಲಿ ಮಿಷಿನ್ ತುಳಿಯುತ್ತಿದ್ದ. ಬಟ್ಟೆಯ ಮೇಲೆಯೇ ಅಂಗೈ ಚಾಚಿದಳು. "ಏನ್ರೀ ಇದು?"

ಅವನು ದಾರ ಕಡಿದ. "ಪುಡಿ ಕೊಡೋ ಅಜ್ಜ ಹೇಳಿದ್ದು. ಮಾತ್ರೆ ಹೊಟ್ಟೇಲಿದ್ರೆ ಬೇರು ನಾಟಲ್ವಂತೆ."

"ಡಾಕ್ಟರಿಗೆ ಹೇಳಿದ್ರಾ?"

"ಪುಡಿ ಅಂತ ಬಾಯಿಬಿಟ್ಟಿದ್ದಕ್ಕೇ ಹೋದ ಸಲ ಎಲ್ಲರೆದುರು ನಕ್ಕುಬಿಟ್ರು. ಇನ್ನೊಂದ್ಸಲ ನಗಿಸ್ಕೊಳ್ಳೋಕೆ ಹೋಗ್ಲಾ?"

"ಅವರು ನಕ್ಕರೆ ನನ್ನ ಯಾಕೆ ಮಂಗ ಮಾಡಿದ್ರಿ? ನನ್ನ ಕೈಯಿಂದ್ಲೇ ಮಾತ್ರೆ ಇಸ್ಕೊಂಡು, ನಾನು ಆ ಕಡೆ ತಿರುಗಿದ ಕೂಡ್ಲೇ ಡಬ್ಬಿಗೆ ಹಾಕಿ, ನನ್ನ ಕೈಯಿಂದ್ಲೇ ಕಷಾಯ ಕುಡಿದ್ರಲ್ಲ. ಒಲೆ ಮುಂದೆ ನಿಂತು ನಾನೇ ನಿಮ್ಮ ಕಾಯಿಲೆ ಬೆಳೆಸಿದೆ."

"ಯಾವ ಕಾಯಿಲೆ? ಗುಂಡುಕಲ್ಲಿನ ಹಾಗಿದ್ದೀನಿ. ಮೊದ್ಲು ಅಂಗಾಲು ಉರಿ ಅಂತ ಒದ್ದಾಡ್ತಿದ್ದೆ. ಈಗ ಉರಿನೂ ಇಲ್ಲ, ನೋವೂ ಇಲ್ಲ. ಪುಡಿ ಗುಣ ಅಲ್ದೆ ಮತ್ತೇನು?"

ಉರಿ ನಿಂತಾಗ ಅವಳೂ ಹಿಗ್ಗಿದ್ದಳು. ನಾದಿನಿಯ ಕೈ ಹಿಡಿದು, ನಿನ್ನ ಪುಡಿ ಒಳ್ಳೇದು ಮಾಡ್ತು ಕಣೇ ಅಂದಿದ್ದಳು. ಆ ಮಾತನ್ನು ನೆನೆದರೆ ಈಗ ತನ್ನ ಬಾಯಿಗೇ ಬರೆ ಹಾಕಬೇಕೆನ್ನಿಸಿತು.

ಗಂಡ ಗೆದ್ದವನಂತೆ ಕಾಲಿನ ಮೇಲೆ ಕಾಲು ಹಾಕಿದ.

ಪುಟ್ಟಿ ಅಯಸ್ಕಾಂತ ಹಿಡಿದು ಮಿಷಿನ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮೇಲೆದ್ದ ಅಂಗಾಲು ಅವಳ ಮುಖಕ್ಕೆ ನೇರವಾಗಿತ್ತು. ಹಿಮ್ಮಡಿಯ ನಡುವೆ ಗುಂಡುಸೂಜಿಯ ತಲೆಯೊಂದೇ ಹೊಳೆಯುತ್ತಿತ್ತು. ಸುತ್ತ ರಕ್ತ ಕಪ್ಪಗೆ ಒಣಗಿ, ಚರ್ಮ ಊದಿಕೊಂಡಿತ್ತು. ಅವಳು ಅಯಸ್ಕಾಂತವನ್ನು ಹತ್ತಿರ ಒಯ್ದಳು. ಸೂಜಿ ಅಲುಗಿತು. ಅಪ್ಪ ಅಲುಗಲಿಲ್ಲ.

ಮಗಳ ಕೈ ಹೋದ ಕಡೆ ತಾಯಿ ನೋಡಿದಳು. ಮುಷ್ಟಿಯಲ್ಲಿದ್ದ ಮಾತ್ರೆಗಳು ಪುಡಿಯಾದವು.

"ಅಪ್ಪಾ," ಎಂದಳು ಪುಟ್ಟಿ, "ಇಡೀ ಸೂಜಿ ಒಳಗೆ ಹೋಗಿದ್ರೂ ನಿಂಗ್ಯಾಕೆ ನೋಯ್ತಿಲ್ಲ?"