ಸುಮ್ಮನಿದ್ದರೆ ಬೇಡ ಎಂದು

ಸುಮ್ಮನಿದ್ದರೆ ಬೇಡ ಎಂದು ಅರ್ಥ ಮಾಡಿಕೊಳ್ಳುವ ಗಂಡಸನ್ನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದೇನೆ. ಅವರು ನಮ್ಮನೆಯವರು. ಹೆಣ್ಣು ತಲೆ ತಗ್ಗಿಸಿ ಕೂತರೆ ಸಾಕು, ಒಪ್ಪಿದಳು ಎಂದು ಎಲ್ಲರೂ ಎದ್ದು ಓಡಾಡುವ ಕಾಲ ಅದು. ಮದುವೆಯ ಮಾತಿಗೆ ಬಂದ ದಿನ, ದೊಡ್ಡವರು ಒಳಗೆ ಹೋದ ಮೇಲೆ, ಅವರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದು ಇಷ್ಟು: "ನಿಮಗೆ ಇಷ್ಟ ಇಲ್ಲ ಅಂದ್ರೆ ಏನೂ ಹೇಳ್ಬೇಡಿ. ನನಗೇ ಒಪ್ಪಿಗೆ ಇಲ್ಲ ಅಂತ ಹೊರಗೆ ಹೇಳ್ತೀನಿ. ಇಷ್ಟ ಇದ್ರೆ ಮಾತ್ರ ಬಾಯ್ಬಿಟ್ಟು ಹೇಳಿ."

ನನಗೆ ಬಾಯಿ ಬಿಡಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರು ಎದ್ದು ಬಾಗಿಲ ತನಕ ಹೋಗಿದ್ದರು. "ರೀ, ನಿಲ್ಲಿ" ಎಂದೆ. ನಾನು ಅವರೊಡನೆ ಆಡಿದ ಮೊದಲ ಮಾತು ಅದು.

ಎತ್ತರದ ಆಳು. ಎತ್ತರ ಇರುವವರಿಗೆ ನಾಚಿಕೆ ಬೇರೆ ಇದ್ದರೆ ಹೇಗೆ ನಡೆಯುತ್ತಾರೋ ಹಾಗೆ, ಇಲ್ಲದ ಬಾಗಿಲಿಗೂ ತಲೆ ಬಗ್ಗಿಸಿ ನಡೆಯುತ್ತಿದ್ದರು. ಬೇಸಿಗೆ ಚಳಿಗಾಲ ಎನ್ನದೆ ಮೈಮೇಲೆ ಒಂದೇ ಕಂದು ಕೋಟು. ಕಚೇರಿಯಲ್ಲಿ ಯಂತ್ರಗಳಿಗೆಂದು ತಂಪು ಮಾಡುತ್ತಿದ್ದರು, ಅದಕ್ಕೆ ಕೋಟು. ಮನೆಯಲ್ಲಿ ಯಾಕೆ ಎಂದು ಕೇಳಿದರೆ ಜೇಬು ತೋರಿಸುತ್ತಿದ್ದರು. ಜೇಬಿನ ತುಂಬ ಚೀಟಿ. ಚೀಟಿಯಲ್ಲಿ ಒಂದೊಂದು ಸಾಲು. ಆ ಸಾಲುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅವರು ಏನು ಕೇಳಿದರೂ ಮೂರು ದಾರಿ ಇಟ್ಟು ಕೇಳುತ್ತಿದ್ದರು. "ಟೀ ಮಾಡ್ಲಾ? ಹೌದಾ, ಬೇಡ್ವಾ, ಆಮೇಲಾ?" ಸತ್ತವರ ಮನೆಗೆ ಹೋಗಿ ಬರೋಣ ಎಂದರೂ ಅದೇ, "ಹೌದಾ, ಬೇಡ್ವಾ, ಆಮೇಲಾ?" ನಾನು ಬೈಯುತ್ತಿದ್ದೆ: "ಅದಕ್ಕೆಲ್ಲ ಆಮೇಲೆ ಅಂತ ಇರುತ್ತೇನ್ರೀ?" ಅವರು ತಣ್ಣಗೆ ಹೇಳುತ್ತಿದ್ದರು: "ಇರ್ಬೇಕು ಕಣೇ. ಸಿಕ್ಕಿಹಾಕ್ಕೊಂಡವರಿಗೆ ಹೊರಗ್ಹೋಗೋಕೆ ಒಂದು ದಾರಿ ಇರ್ಲೇಬೇಕು."

ಹೊಸ ಮನೆಗೆ ಹೋದರೆ ಗೋಡೆಯ ಮೇಲಿನ ಫೋಟೋ ನೋಡುವವರಲ್ಲ, ಸ್ವಿಚ್ಚುಗಳನ್ನು ನೋಡುವರು. ಯಾವ ಸ್ವಿಚ್ಚಿಗೆ ಯಾವ ದೀಪ ಎಂದು ಒಂದೊಂದೇ ಒತ್ತುವರು. ಬಾಗಿಲ ಹತ್ತಿರದ ದೀಪಕ್ಕೆ ಬಾಗಿಲ ಹತ್ತಿರದ ಸ್ವಿಚ್ಚೇ ಇರಬೇಕು, ಇಲ್ಲದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ನನ್ನ ತಂಗಿಯ ಮನೆಯಲ್ಲಿ ಒಂದು ಭಾನುವಾರ ಎಲ್ಲರೂ ಮಲಗಿದ್ದಾಗ ಬೋರ್ಡು ಬಿಚ್ಚಿ ತಂತಿ ಎಲ್ಲ ಸರಿಯಾದ ಕ್ರಮಕ್ಕೆ ತಂದು ಮತ್ತೆ ಮುಚ್ಚಿಟ್ಟರು. ತಂಗಿ ಇವತ್ತಿಗೂ ಹೇಳುತ್ತಾಳೆ: "ಭಾವ ಸರಿಮಾಡಿ ಹೋದ್ಮೇಲೆ ಎರಡು ತಿಂಗಳು ಫ್ಯಾನ್ ಹಾಕೋಕೆ ಹೋಗಿ ಲೈಟ್ ಹಾಕ್ಕೊಂಡು ಕೂತಿದ್ವಿ."

ಅವರ ಕೆಲಸವೂ ಹೀಗೆಯೇ. ಕಂಪ್ಯೂಟರಿನಲ್ಲಿ ನಡುವೆ ಒಂದು ಸಣ್ಣ ಚೌಕ ಬಂದು ನಿಂತು, ಹೀಗೆ ಮಾಡಲೇ ಬೇಡವೇ ಎಂದು ಕೇಳುತ್ತದಲ್ಲ, ಅದನ್ನು ಮಾಡುವುದು, ಕೆಟ್ಟರೆ ರಿಪೇರಿ ಮಾಡುವುದು. ಅದಕ್ಕೆ ಡೈಲಾಗ್ ಬಾಕ್ಸ್ ಎನ್ನುತ್ತಾರಂತೆ. ನಾನು ಡಬ್ಬಿ ಎಂದೆ. ಅವರೂ ಡಬ್ಬಿ ಎನ್ನತೊಡಗಿದರು. ಒತ್ತಿದರೆ ಒತ್ತಿಸಿಕೊಳ್ಳದ ಬಟನ್ನು, ಬರೆಯಲು ಬಿಡದ ಖಾನೆ, ಮುಚ್ಚಿದರೂ ಮುಚ್ಚದ ಡಬ್ಬಿ, ಇವುಗಳ ಹಿಂದೆ ಮೂವತ್ತೊಂದು ವರ್ಷ ಬಿದ್ದಿದ್ದರು. ಹಾಗೆ ದುಡಿದು ಅವರು ಪೂರ್ತಿ ಸ್ವಂತ ಕೈಯಲ್ಲಿ ಮಾಡಿದ್ದು ಒಂದೇ ಪ್ರೋಗ್ರಾಮು, ಕಣ್ಣಿನ ಆಸ್ಪತ್ರೆಯ ಚೀಟಿ ಕೌಂಟರಿನದು. ನನಗೆ ಅವರು ಬಿಟ್ಟುಹೋದದ್ದರಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ. ಅದನ್ನು ಕಿತ್ತುಹಾಕುತ್ತೇವೆ ಎಂಬ ಮಾತು ಕಿವಿಗೆ ಬಿದ್ದ ದಿನದ ಬಗ್ಗೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮೊದಲು ಅವರ ತಪ್ಪು ಹೇಳಬೇಕು.

ಆ ಕೌಂಟರಿನಲ್ಲಿ ಮೊದಲಿನಿಂದಲೂ ಒಬ್ಬಳೇ ಕೂರುತ್ತಾಳೆ. ಎಲ್ಲರೂ ಅವಳನ್ನು ಚೀಟಿಯಕ್ಕ ಎನ್ನುತ್ತಾರೆ. ಬಂದವರ ಹೆಸರು, ವಿಳಾಸ, ಯಾವ ಕಣ್ಣು ಎಂದು ಬರೆದು ಎಂಟರ್ ಒತ್ತುತ್ತಾಳೆ. ದಿನಕ್ಕೆ ಮುನ್ನೂರು ಸಲ. ನೊಣ ಓಡಿಸುವ ಹಾಗೆ ಕೈ ತಾನೇ ಹೋಗುತ್ತದೆ. ಪ್ರೋಗ್ರಾಮು ಶುರುವಾದ ಎರಡನೆಯ ತಿಂಗಳಲ್ಲಿ ಅವಳ ಬೆರಳು ಜಾರಿ ಒಂದು ಡಬ್ಬಿ ಬಂತು. ಇಂದಿನ ಪಟ್ಟಿ ಅಳಿಸಲೇ ಎಂದು ಕೇಳಿತು. ಅವಳ ಕೈ ಎಂಟರ್ ಒತ್ತಿತು. ಎಂಟರ್ ಒತ್ತಿದರೆ ಹೌದು ಎಂದಾಗುವ ಹಾಗೆ ನಮ್ಮನೆಯವರು ಇಟ್ಟಿದ್ದರು. ನೂರ ನಲವತ್ತು ಜನ ಅಳಿಸಿಹೋದರು.

ಮೇಲಿನವರು ಅವಳನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಓದಿ ಒತ್ತೋಕೆ ಏನು ಕಷ್ಟ ಎಂದರಂತೆ. ನಮ್ಮನೆಯವರು ಹೋಗಿ ನಡುವೆ ನಿಂತು, "ಮುನ್ನೂರು ಸಲ ಒತ್ತೋ ಕೈ ಮುನ್ನೂರ ಒಂದನೇ ಸಲ ನಿಂತು ಓದುತ್ತೆ ಅಂದ್ಕೊಂಡ್ನಲ್ಲ, ಆ ತಪ್ಪು ನಂದು. ಇವರಿಗೆ ಏನೂ ಅನ್ಬೇಡಿ" ಎಂದರು. ಆಮೇಲೆ ಕಾಗದ ಹಿಡಿದು, ಬೆಂಚುಗಳ ಮೇಲೆ ಕೂತವರ ಹತ್ತಿರ ಒಬ್ಬೊಬ್ಬರಾಗಿ ಬಗ್ಗಿ, ಮತ್ತೆ ಹೆಸರು ಬರೆದುಕೊಂಡರು. ಸಂಜೆ ಬಂದು ನನಗೆ ವರದಿ ಒಪ್ಪಿಸಿದರು.

"ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಅಜ್ಜ ಇದ್ದ. ಬೆಳಿಗ್ಗೆ ಹೇಳಿದ್ನಲ್ಲಪ್ಪ, ಕುರುಡ ನಾನು, ನೀನ್ಯಾಕೆ ಕಿವುಡ ಆದೆ ಅಂದ."

"ನೀವೇನಂದ್ರಿ?"

"ಹೌದು ತಾತ, ಕಿವುಡ ಅಂದೆ."

ಅಂದಿನಿಂದ ಅವರ ಡಬ್ಬಿಗಳಲ್ಲಿ ಸುಮ್ಮನೆ ಎಂಟರ್ ಒತ್ತಿದರೆ ಬೇಡ ಎಂದೇ ಆಗುತ್ತಿತ್ತು. ಹೌದು ಎನ್ನಬೇಕಾದರೆ ಕೈ ಎತ್ತಿ ಆ ಕಡೆಗೆ ಹೋಗಬೇಕು. ಮದುವೆಯ ಮಾತಿನ ದಿನ ಇದ್ದ ಬುದ್ಧಿ ಕಚೇರಿಯಲ್ಲಿ ಯಾಕೆ ಬರಲಿಲ್ಲ ಎಂದು ಕೇಳಿದೆ. "ಆವತ್ತು ಭಯ ಇತ್ತಲ್ಲೇ" ಎಂದರು.

ನನ್ನನ್ನು ಕೆಲಸಕ್ಕೆ ಹಚ್ಚಿದ್ದೂ ಅಂದಿನಿಂದಲೇ. ನಾನು ಓದಿದ್ದು ಏಳನೆಯ ತರಗತಿ. ಅಡುಗೆಮನೆಯ ಬಾಗಿಲಿಗೆ ಒರಗಿ ಜೇಬಿನಿಂದ ಚೀಟಿ ತೆಗೆದು, ಡಬ್ಬಿಯಲ್ಲಿ ಬರಬೇಕಾದ ಸಾಲು ಓದುವರು. ಒಂದು ಸಲ, "ನಮೂದಿಸಿದ ಮೌಲ್ಯವು ಅಮಾನ್ಯವಾಗಿದೆ" ಎಂದರು. ನಾನು ಪಾತ್ರೆ ಉಜ್ಜುತ್ತಿದ್ದೆ. "ಯಾರು ಸತ್ತರು?" ಎಂದೆ. ಅವರು ಅಲ್ಲೇ ನಿಂತು ಆ ಸಾಲನ್ನು ಹೊಡೆದುಹಾಕಿದರು. "ಹಾಗಾದ್ರೆ ನೀನು ಹೇಗೆ ಹೇಳ್ತೀಯ?"

"ವಯಸ್ಸಿನ ಜಾಗದಲ್ಲಿ ಹೆಸರು ಬರೆದಿದ್ದೀರಿ ಅಂತ ಹೇಳಿ. ಏನು ತಪ್ಪು ಅಂತ ಹೇಳ್ದೆ ತಪ್ಪು ತಪ್ಪು ಅಂತ ಬಡ್ಕೊಂಡ್ರೆ ಅದು ನಿಮ್ಮ ದೊಡ್ಡಮ್ಮನ ಥರ ಆಯ್ತು."

ಅದನ್ನೇ ಬರೆದುಕೊಂಡರು, ದೊಡ್ಡಮ್ಮನನ್ನು ಬಿಟ್ಟು. ನನಗೆ ಅವಮಾನ ಆಗಿ ಒಂದು ಸಲ ಅಂದಿದ್ದೆ, ಓದಿಲ್ಲದವಳನ್ನು ಕೇಳಿ ಏನು ಮಾಡ್ತೀರಿ ಎಂದು. "ನಿನಗೆ ಅರ್ಥ ಆಗ್ಲಿಲ್ಲ ಅಂದ್ರೆ ತಪ್ಪು ಡಬ್ಬೀದು. ನಿಂದಲ್ಲ" ಎಂದರು. ಆ ಮಾತು ನನಗೆ ಬಹಳ ಕಡೆ ಉಪಯೋಗಕ್ಕೆ ಬಂತು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಈಗ ಎಲ್ಲಿ ಅರ್ಥವಾಗದಿದ್ದರೂ ನಾನು ತಲೆ ತಗ್ಗಿಸುವುದಿಲ್ಲ. ಇನ್ನೊಂದು ಸಲ ಹೇಳಿ ಎನ್ನುತ್ತೇನೆ.

ಜಗಳ ಆಡಿದರೂ ಅದೇ ಭಾಷೆ. ನಾನು ಕೋಪದಲ್ಲಿ ಮಾತು ಬಿಟ್ಟರೆ, ಹಿಂದೆ ಮುಂದೆ ಓಡಾಡಿ, "ಬಟನ್ನು ಮಂಕಾಗಿದೆ, ಒತ್ತಿಸ್ಕೊಳ್ತಿಲ್ಲ. ಯಾಕೆ ಮಂಕಾಗಿದೆ ಅಂತ ಎಲ್ಲೂ ಬರೆದಿಲ್ಲ. ಒಳ್ಳೆ ಕೆಲಸ ಅಲ್ಲ ಇದು" ಎನ್ನುತ್ತಿದ್ದರು. ನಗು ಬಂದು ಜಗಳ ಕೆಡುತ್ತಿತ್ತು.

ಮನೆಯ ಮೇಜಿನ ಮೇಲೆ ಕಂಪ್ಯೂಟರಿಗೆ ಎರಡು ಪರದೆ ಇಟ್ಟುಕೊಂಡಿದ್ದರು. ಒಂದನ್ನು ಕಚೇರಿಯವರು ವಾಪಸು ಕೇಳಿದರು. ತೆಗೆದ ಮಾರನೆಯ ದಿನ ಪ್ರೋಗ್ರಾಮು ಅಲುಗಾಡದೆ ನಿಂತಿತು. ಎಲ್ಲಿ ಒತ್ತಿದರೂ ಟಣ್ ಎನ್ನುತ್ತಿತ್ತು, ಬೇರೇನೂ ಇಲ್ಲ. ನನ್ನನ್ನು ಕರೆದು ತೋರಿಸಿದರು.

"ಇದು ಸತ್ತಿಲ್ಲ. ಸತ್ತಿದ್ರೆ ಟಣ್ ಅಂತಿರ್ಲಿಲ್ಲ. ಎಲ್ಲೋ ಒಂದು ಡಬ್ಬಿ ಬಂದು ಉತ್ತರಕ್ಕೆ ಕಾಯ್ತಿದೆ. ನಮಗೆ ಕಾಣ್ತಿಲ್ಲ ಅಷ್ಟೆ. ಆ ಪರದೆ ಇನ್ನೂ ಅಲ್ಲೇ ಇದೆ ಅಂದ್ಕೊಂಡು ಅಲ್ಲಿ ಹೋಗಿ ನಿಂತಿದೆ ಪಾಪ."

ನನ್ನ ಬೆರಳನ್ನೇ ಹಿಡಿದು ಒತ್ತಿಸಿದರು. ಆಲ್ಟ್ ಒತ್ತಿ ಹಿಡಿದು ಸ್ಪೇಸು. ಆಮೇಲೆ ಎಂ. ಆಮೇಲೆ ಎಡಗಡೆಯ ಬಾಣ, ಬಿಡದೆ. ಡಬ್ಬಿ ಬಲಗಡೆಯ ಅಂಚಿನಿಂದ ನಿಧಾನವಾಗಿ ಒಳಗೆ ಬಂತು, ತಪ್ಪು ಮಾಡಿ ಮನೆಗೆ ಬಂದವರ ಹಾಗೆ. ನನಗೆ ಅದು ಎಷ್ಟು ಹಿಡಿಸಿತು ಎಂದರೆ, ಇನ್ನೂ ನಾಲ್ಕು ಸಲ ಹೊರಗೆ ಕಳಿಸಿ ಒಳಗೆ ಕರೆಸಿದೆ.

ಅವರು ಹೋದದ್ದು ಒಂದು ಮಧ್ಯಾಹ್ನ, ಅದೇ ಮೇಜಿನ ಮುಂದೆ. ಕುಡಿಯಲು ನೀರು ಕೇಳಿದರು. ನಾನು ತರುವಷ್ಟರಲ್ಲಿ ಮುಗಿದಿತ್ತು. ಮೂರು ದಾರಿ ಇಟ್ಟು ಕೇಳಿರಲಿಲ್ಲ, ನೀರು ಕೊಡೇ ಎಂದಿದ್ದರು ಅಷ್ಟೆ. ಅದರಲ್ಲೇ ನನಗೆ ಗೊತ್ತಾಗಬೇಕಿತ್ತು.

ಕೋಟು ಒಗೆಯಲು ತೆಗೆದಾಗ ಒಂದು ಚೀಟಿ ಸಿಕ್ಕಿತು. ಪ್ರಿಂಟರಿನಲ್ಲಿ ಕಾಗದ ಮುಗಿದಾಗ ಹೇಳಬೇಕಾದ ಸಾಲು, ಎರಡು ಬಗೆಯಲ್ಲಿ ಬರೆದಿದ್ದರು. ನನ್ನನ್ನು ಕೇಳುವುದು ಉಳಿದಿತ್ತು. ಎರಡನೆಯದೇ ಸರಿ ಎಂದು ಕೋಟಿಗೆ ಹೇಳಿ, ಒಗೆಯದೆ ನೇತುಹಾಕಿದೆ.

ಐದು ತಿಂಗಳಾದ ಮೇಲೆ ನನ್ನ ಕಣ್ಣು ಮಂಜಾಗಿದೆ ಎಂದು ತಂಗಿ ಹಟ ಹಿಡಿದಳು. ಕಣ್ಣಿನ ಆಸ್ಪತ್ರೆಗೆ ಹೋದೆ. ಜನರ ಸಾಲು ಬಾಗಿಲಾಚೆ ಮೆಟ್ಟಿಲ ತನಕ ಬೆಳೆದಿತ್ತು. ಕೌಂಟರಿನಲ್ಲಿ ಚೀಟಿಯಕ್ಕ ಕೈಕಟ್ಟಿ ಕೂತಿದ್ದಳು. ಅವಳ ಪಕ್ಕ ಹೊಸ ಇಂಜಿನಿಯರು, ಮೂವತ್ತರ ಹೆಂಗಸು, ಬೆವರೊರೆಸಿಕೊಳ್ಳುತ್ತ ನಿಂತಿದ್ದಳು.

"ಬೆಳಗ್ಗಿಂದ ಇದು ನಾಲ್ಕನೇ ಸಲ ನಿಂತಿರೋದು" ಎಂದಳು ಇಂಜಿನಿಯರು. "ಹಳೇ ಪ್ರೋಗ್ರಾಮು ಅಕ್ಕ, ಸತ್ತೋಗಿದೆ. ಇದಕ್ಕೆ ತೇಪೆ ಹಾಕ್ಕೊಂಡು ಕೂರೋಕಾಗಲ್ಲ. ಸೋಮವಾರ ತೆಗೆದುಹಾಕಿ ಬೇರೇದು ಹಾಕ್ತೀನಿ."

ತಿರುಗಿ ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ಅವಳು ಇನ್ನೊಂದು ಸಲ ಮೌಸು ಒತ್ತಿದಳು. ಟಣ್ ಎಂದಿತು.

"ಅದು ಸತ್ತಿಲ್ಲಮ್ಮ" ಎಂದೆ.

"ಅಯ್ಯೋ, ನೀವಾ" ಎಂದು ಚೀಟಿಯಕ್ಕ ಎದ್ದು ನಿಂತಳು. "ಇವರು ಸಾರ್ ಮನೆಯವರು ಕಣಮ್ಮ, ಇದನ್ನ ಮಾಡಿದ್ರಲ್ಲ, ಅವರ ಮನೆಯವರು." ಇಂಜಿನಿಯರ ಮುಖ ಸಣ್ಣಗಾಯಿತು.

"ಇಲ್ಲಿ ಇನ್ನೊಂದು ಪರದೆ ಇತ್ತಾ?" ಎಂದು ಕೇಳಿದೆ.

"ಇತ್ತು" ಎಂದಳು ಚೀಟಿಯಕ್ಕ. "ಬಂದವರು ಅವರ ಹೆಸರು ಸರಿ ಇದೆಯಾ ನೋಡ್ಕೊಳ್ಳಲಿ ಅಂತ ಬಲಗಡೆ ಇಟ್ಟಿದ್ವಿ. ಕೆಟ್ಟಿದೆ ಅಂತ ನಿನ್ನೆ ಸಂಜೆ ತಗೊಂಡ್ಹೋದ್ರು."

ಒಳಗೆ ಬರಲಾ ಎಂದು ಕೇಳಿದೆ. ಇಂಜಿನಿಯರು ಕುರ್ಚಿ ಎಳೆದು ಕೊಟ್ಟಳು. ಕೂತು ಬೆರಳುಗಳಿಗೇ ಬಿಟ್ಟೆ. ಆಲ್ಟ್, ಸ್ಪೇಸು. ಎಂ. ಎಡಗಡೆಯ ಬಾಣ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬಲಗಡೆಯ ಅಂಚಿನಲ್ಲಿ ಒಂದು ಗೆರೆ ಕಂಡಿತು. ಗೆರೆ ಅಗಲವಾಯಿತು. ಡಬ್ಬಿ ಪೂರ್ತಿ ಒಳಗೆ ಬಂದು ನಿಂತಿತು. ಅದರಲ್ಲಿ ಬರೆದಿತ್ತು: ಇದೇ ಹೆಸರಿನವರು ಮೊದಲೇ ಒಬ್ಬರಿದ್ದಾರೆ. ಅವರೇ ಇವರಾ? ಗೊತ್ತಿಲ್ಲದಿದ್ದರೆ ಕೇಳಿ ನೋಡಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಅದು ನನ್ನ ಸಾಲು. ಹುರುಳಿಕಾಯಿ ಮುರಿಯುತ್ತ ಹೇಳಿದ್ದೆ.

ಚೀಟಿಯಕ್ಕ ಕೇಳಿದಳು, ಎದುರಿಗಿದ್ದವರು ಹೌದು ನಾನೇ ಎಂದರು, ಸಾಲು ಮುಂದೆ ಸರಿಯಿತು. ಇಂಜಿನಿಯರು ಬಗ್ಗಿ ನಿಧಾನಕ್ಕೆ ಹೇಳಿದಳು: "ಡೈಲಾಗ್ ಬಾಕ್ಸ್ ತೆರೆಯೋ ಮುಂಚೆ ಪರದೆ ಇದೆಯಾ ಅಂತ ನೋಡ್ಬೇಕಿತ್ತು. ಸಾರ್ ಇದೊಂದು ಕಡೆ ಮರ್ತಿದ್ದಾರೆ."

"ಹಾಗಾದ್ರೆ ತಪ್ಪು ಅವರದೇ. ಅವರೇ ಇದ್ದಿದ್ರೂ ಹಾಗೇ ಅಂತಿದ್ರು. ಸರಿಮಾಡು" ಎಂದೆ.

ಅವಳು ಮುಗುಳ್ನಕ್ಕಳು. ಆಮೇಲೆ ಕೇಳಿದಳು: "ಒಂದು ವಿಷಯ ಆಂಟಿ. ಪ್ರೋಗ್ರಾಮಿನ ಒಳಗೆ ಇಂಥ ಪ್ರತಿ ಸಾಲಿನ ಪಕ್ಕದಲ್ಲೂ ಸಾರ್ ಒಂದು ಟಿಪ್ಪಣಿ ಬರೆದಿದ್ದಾರೆ. ಮನೆಯಲ್ಲಿ ನೋಡಿ ಆಯಿತು, ಸರಿ ಇದೆ ಅಂತ. ಮನೇಲಿರೋ ಕಂಪ್ಯೂಟರಲ್ಲಿ ನೋಡಿದ್ದಾರೆ ಅಂದ್ಕೊಂಡಿದ್ದೆ."

"ಕಂಪ್ಯೂಟರಲ್ಲ, ನಾನು" ಎಂದೆ. ಅವರು ಅದನ್ನು ಎಲ್ಲಾದರೂ ಬರೆದಿಟ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಎಷ್ಟು ಕಡೆ ಇದೆ ಎಂದು ಕೇಳಿದೆ. ಇನ್ನೂರಕ್ಕೂ ಮೇಲೆ ಎಂದಳು.

"ಸೋಮವಾರ ಏನೂ ತೆಗೆಯಲ್ಲ" ಎಂದಳು ಅವಳು. "ಸುಳ್ಳು ಯಾಕೆ ಹೇಳ್ಲಿ, ವರ್ಷದೊಳಗೆ ಹೊಸದು ಮಾಡ್ಲೇಬೇಕು, ಈ ಮಷೀನುಗಳೇ ಹೋಗ್ತಿವೆ. ಆದ್ರೆ ಈ ಸಾಲುಗಳು ಹಾಗೇ ಇರ್ತವೆ. ಎಂಟರ್ ಒತ್ತಿದ್ರೆ ಬೇಡ ಅನ್ನೋದೂ ಇರುತ್ತೆ. ಹೊಸ ಸಾಲು ಬೇಕಾದ್ರೆ ನಿಮ್ಮನ್ನ ಬಂದು ಕೇಳ್ಲಾ?"

ನಾನು ಪರದೆಯ ಕಡೆ ನೋಡುತ್ತ ಕೂತೆ. ಏನೂ ಹೇಳಲಿಲ್ಲ. ಅವಳು, ಪಾಪ, ಎಲ್ಲರ ಹಾಗೆ, ಒಪ್ಪಿದರು ಎಂದುಕೊಂಡು ಫೋನು ನಂಬರು ಬರೆದುಕೊಳ್ಳಲು ಪೆನ್ನು ತೆಗೆದಳು.

"ನಿಲ್ಲು" ಎಂದೆ. "ನಾನಿನ್ನೂ ಹೂಂ ಅಂದಿಲ್ಲ. ಸುಮ್ನಿದ್ರೆ ಬೇಡ ಅಂತ ಅರ್ಥ, ತಿಳ್ಕೋ. ಈಗ ಬಾಯ್ಬಿಟ್ಟು ಹೇಳ್ತಿದೀನಿ. ಬಾ, ಕೇಳು."

ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ನಾನು ಕೆಲಸ ಮಾಡುತ್ತಿರುತ್ತೇನೆ, ಅವಳು ಓದುತ್ತಾಳೆ. ಪ್ರಿಂಟರಿನ ಸಾಲು ಎರಡನೆಯದು ಎಂದು ಮೊದಲ ದಿನವೇ ಹೇಳಿ ಮುಗಿಸಿದೆ.

ಇಂಥವರು ಎಲ್ಲ ಕಡೆ ಇರುತ್ತಾರೆ ಎಂದು ಈಗ ನನಗೆ ಅನಿಸುತ್ತದೆ. ಮೆಟ್ಟಿಲ ತುದಿಗೆ ಕಟಕಟೆ ಇಟ್ಟವನು, ಬಾಣಲೆಗೆ ಮರದ ಹಿಡಿ ಹಾಕಿದವನು, ಔಷಧಿಯ ಶೀಶೆಗೆ ಮಗುವಿನ ಕೈಗೆ ತೆಗೆಯಲಾಗದ ಮುಚ್ಚಳ ಮಾಡಿದವನು. ಯಾರದೋ ಕೈ ಒಂದು ದಿನ ತಪ್ಪುತ್ತದೆ ಎಂದು ಮೊದಲೇ ಯೋಚಿಸಿ, ಆ ಕೈ ಹೋಗಿ ಬೀಳುವ ಕಡೆ ಏನೂ ಕೆಡದ ಹಾಗೆ ಮಾಡಿಟ್ಟು ಹೋಗಿರುತ್ತಾರೆ. ಪಾರಾದವರಿಗೆ ತಾವು ಪಾರಾದದ್ದೇ ತಿಳಿಯುವುದಿಲ್ಲ. ತಿಳಿಯದೆ ಇರಲಿ ಎಂದೇ ಅವರು ಅಷ್ಟು ಕಷ್ಟಪಟ್ಟಿರುತ್ತಾರೆ.